ಉ ಎಂದರೆ ಉಳ್ಳಾಗಡ್ಡಿ

ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹೊಸ್ತಿಲು ದಾಟುತ್ತಿರಲಿಲ್ಲ. ಹಿರೇಕೆರೂರಿನ ಹಳೇ ಓಣಿಯ ವೈಷ್ಣವರ ಮನೆ ನಮ್ಮದು. ತಂದೆಯವರು ಸಂಜೆ ಪುರಾಣ ಹೇಳುತ್ತಿದ್ದರು, ತಾಯಿ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದರು. ಸಂತೆಯ ದಿನ ಯಾರಾದರೂ ಉಳ್ಳಾಗಡ್ಡಿ ಚೀಲ ಹೊತ್ತು ನಮ್ಮ ಕಟ್ಟೆಯ ಮುಂದೆ ಹಾದುಹೋದರೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅಂಥ ಮನೆಯ ಹುಡುಗಿಯಾದ ನಾನು ಮಾಸ್ತರಿಕೆಗೆ ಸೇರಿ, ಬಿಸಿಯೂಟದ ಅಡಿಗೆಯವರು ಬಾರದ ದಿನ ಕಣ್ಣೀರು ಸುರಿಸುತ್ತ ಉಳ್ಳಾಗಡ್ಡಿ ಹೆಚ್ಚಿದ್ದೂ ಉಂಟು. ನಿವೃತ್ತಿಗೆ ಮುಂಚಿನ ಕೊನೆಯ ವರ್ಷ ಅದೇ ಉಳ್ಳಾಗಡ್ಡಿಯಿಂದ ಹೊಸದಾಗಿ ಅಕ್ಷರ ಕಲಿತದ್ದೂ ಉಂಟು. ಎರಡನೆಯದನ್ನು ಹೇಳಲೆಂದೇ ಕುಳಿತಿದ್ದೇನೆ. ಆದರೆ ಮಾಸ್ತರಿಕೆ ಮಾಡಿದವರಿಗೆ ನೇರವಾಗಿ ವಿಷಯಕ್ಕೆ ಬಂದು ಗೊತ್ತಿಲ್ಲ. ಪೀಠಿಕೆ ಬೇಕೇ ಬೇಕು, ಸಹಿಸಿಕೊಳ್ಳಿ.

ಪ್ರಾಥಮಿಕ ಶಾಲೆಗೆ ಹೊಸದಾಗಿ ನೇಮಕವಾದ ಹುಡುಗ ಹುಡುಗಿಯರು ಈಗ ಆಗಾಗ ನನ್ನನ್ನು ನೋಡಲು ಬರುತ್ತಾರೆ. ಬಡ್ತಿ ಹೇಗೆ, ವರ್ಗಾವಣೆ ಹೇಗೆ ಎಂದು ಕೇಳುತ್ತಾರೆ. ಅವೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾವಿ ಎಂದು ನಾಲ್ಕೂ ತಾಲೂಕುಗಳ ಹಳ್ಳಿ ಸುತ್ತಿದ ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ, ಶಾಲೆ ತೆರೆಯುವ ದಿನ. ವರ್ಷದ ಉಳಿದ ದಿನಗಳನ್ನು ಪುಸ್ತಕ ನೋಡಿ ನಡೆಸಬಹುದು. ಆ ಒಂದು ದಿನಕ್ಕೆ ಮಾತ್ರ ಯಾರೂ ಪುಸ್ತಕ ಬರೆದಿಲ್ಲ.

ನನ್ನ ಮೊದಲ ಶಾಲೆ ಹಂಸಭಾವಿಯಿಂದ ಒಳಗಿನ ಒಂದು ಹಳ್ಳಿಯಲ್ಲಿತ್ತು. ಮುಖ್ಯೋಪಾಧ್ಯಾಯರು ಪಾಟೀಲ ಮಾಸ್ತರು. ಎತ್ತರದ ಆಳು, ಬಿಳಿ ಧೋತರ, ತಲೆಗೆ ಟೊಪ್ಪಿಗೆ. ನಕ್ಕರೆ ಮೀಸೆ ಮಾತ್ರ ಅಲುಗುತ್ತಿತ್ತು, ಮುಖ ಹಾಗೇ ಇರುತ್ತಿತ್ತು. ನಾನು ಹಾಜರಾದ ದಿನವೇ ಶಾಲೆ ತೆರೆಯುವ ದಿನವಾಗಿತ್ತು. ಹಳ್ಳಿಯಲ್ಲಿ ಯಾರ ಹತ್ತಿರವೂ ಜನನ ಪತ್ರ ಇರದ ಕಾಲ ಅದು. ಮಗುವಿಗೆ ಶಾಲೆಗೆ ಸೇರುವ ವಯಸ್ಸಾಗಿದೆಯೋ ಇಲ್ಲವೋ ತಿಳಿಯಲು ಒಂದೇ ಉಪಾಯವಿತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇತ್ತಿಗೆ, ಎಂದರೆ ಒಂದನೇ ತರಗತಿಗೆ; ಮುಟ್ಟದಿದ್ದರೆ ಮನೆಗೆ.

ಆವತ್ತು ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದಿದ್ದಳು. ಹುಡುಗನಿಗೆ ಮನೆಯಲ್ಲಿ ಚೆನ್ನಾಗಿ ತಾಲೀಮು ಆಗಿತ್ತು. ಕೈ ಮೇಲೆತ್ತುವ ಮೊದಲೇ ಕುತ್ತಿಗೆ ಓರೆ ಮಾಡಿ ಕಿವಿಯನ್ನೇ ಕೈಯ ಹತ್ತಿರ ತಂದುಕೊಂಡ. ಪಾಟೀಲ ಮಾಸ್ತರು ಅವನ ತಲೆಯನ್ನು ಎರಡೂ ಕೈಯಿಂದ ನೆಟ್ಟಗೆ ನಿಲ್ಲಿಸಿದರು. ಕೈ ಕಿವಿಗೆ ಎಟುಕಲಿಲ್ಲ.

"ಕೈ ಗಿಡ್ಡ ಅದಾವ್ರಿ ಮಾಸ್ತರ, ವಯಸ್ಸು ಗಿಡ್ಡ ಇಲ್ಲ. ಅವರಪ್ಪನ ಕೈಯೂ ಹಿಂಗ ಇದ್ವು," ಎಂದಳು ಅಜ್ಜಿ.

"ಅವರಪ್ಪ ಸಾಲಿ ಎಷ್ಟು ಕಲ್ತಾನ?"

"ಎಲ್ಲಿ ಕಲ್ತಾನ್ರಿ? ಕಿವಿ ಮುಟ್ಟಲಿಲ್ಲಂತ ನೀವ ಹೊಳ್ಳಿ ಕಳಿಸಿದ್ರಿ. ಹೋದಾಂವ ದನದ ಬೆನ್ನ ಹತ್ತಿದ, ಮತ್ತ ಈ ಕಡೆ ಬರಲೇ ಇಲ್ಲ."

ಪಾಟೀಲ ಮಾಸ್ತರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಹಂಗಾರ ಈ ಸಲ ಎಡಗಿವಿ ಬ್ಯಾಡ. ಬಲಗೈಲೆ ಬಲಗಿವಿ ಮುಟ್ಟಲೇ ತಮ್ಮಾ," ಎಂದರು. ಹುಡುಗ ಮುಟ್ಟಿದ. ಹೆಸರು ಹತ್ತಿತು. ಮುಂದೆ ಅವನು ಏಳನೇತ್ತಿಯವರೆಗೂ ನಮ್ಮಲ್ಲೇ ಓದಿದ, ಓಟದ ಸ್ಪರ್ಧೆಯಲ್ಲಿ ಶಾಲೆಗೆ ಲೋಟವೊಂದನ್ನು ಗೆದ್ದು ತಂದ.

ಪಾಟೀಲ ಮಾಸ್ತರಿಗೆ ಇನ್ನೊಂದು ನೇಮವಿತ್ತು. ಶಾಲೆ ತೆರೆದ ದಿನ ಅವರು ಚಾಕ್‌ಪೀಸು ಮುಟ್ಟುತ್ತಿರಲಿಲ್ಲ, ನಮಗೂ ಮುಟ್ಟಗೊಡುತ್ತಿರಲಿಲ್ಲ. ಮಕ್ಕಳ ಜೊತೆ ಜಮಖಾನದ ಮೇಲೆ ಕುಳಿತು, ಸೂಟಿಯಲ್ಲಿ, ಎಂದರೆ ರಜೆಯಲ್ಲಿ, ಯಾರ ಊರಿಗೆ ಹೋಗಿದ್ದಿರಿ, ಏನು ಉಂಡಿರಿ, ಯಾವ ಆಕಳು ಕರು ಹಾಕಿತು ಎಂದು ಕೇಳುತ್ತಿದ್ದರು. ನನಗೆ ಅದು ಕೆಲಸಗಳ್ಳತನದಂತೆ ಕಾಣುತ್ತಿತ್ತು. ಟ್ರೇನಿಂಗಿನಲ್ಲಿ ಕಲಿತ ಪಾಠ ಟಿಪ್ಪಣಿ ಬ್ಯಾಗಿನಲ್ಲೇ ಉಳಿದು ಜೀವ ಚಡಪಡಿಸುತ್ತಿತ್ತು.

ಎರಡನೆಯ ವರ್ಷ ಆ ದಿನವೇ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬಸ್ಸು ಇಳಿದು ಬಿಸಿಲಲ್ಲಿ ನಡೆದು ಬಂದಿದ್ದರಿಂದ ಮೊದಲೇ ತಲೆ ಕಾದಿತ್ತು. ಬಾಗಿಲಲ್ಲಿ ನಿಂತು ಖಾಲಿ ಹಲಗೆ ನೋಡಿದರು.

"ಪಾಠ ಎಲ್ಲೈತ್ರಿ ಪಾಟೀಲರ?"

"ಇವತ್ತ ಹುಡುಗೂರು ಹೇಳ್ತಾರ್ರಿ, ನಾವು ಕೇಳ್ತೇವಿ. ನಾಳಿಂದ ನಾವು ಹೇಳ್ತೇವಿ. ಕುಂತ್ರಿ ಸಾಹೇಬ್ರ, ನೀರ ಕುಡೀರಿ."

ಸಾಹೇಬರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸಾಹೇಬ್ರ, ನೀವ್ ಸೂಟ್ಯಾಗ ಯಾರ ಊರಿಗೆ ಹೋಗಿದ್ರಿ?" ಎಂದು ಕೇಳಿಬಿಟ್ಟಳು. ಅವರನ್ನು ಹಾಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ನೀರು ಕುಡಿದರು, ಮೀಸೆ ಒರೆಸಿಕೊಂಡರು, ಕುಳಿತರು. ಹಾನಗಲ್ಲಿನ ಕಡೆ ತಂಗಿಯ ಮನೆಗೆ ಹೋಗಿದ್ದು, ಹೋಳಿಗೆಯ ಜೊತೆ ಮಾವಿನ ಹಣ್ಣಿನ ಸೀಕರಣಿ ಹೊಡೆದದ್ದು, ಬ್ಯಾಡ ಬ್ಯಾಡ ಅಂದರೂ ತಂಗಿ ಮತ್ತೆ ಬಡಿಸಿದ್ದು, ಎಲ್ಲ ಹೇಳಿದರು.

"ಆಮ್ಯಾಲೆ ಹೊಟ್ಟಿ ಕೆಡ್ತೇನ್ರಿ?" ಎಂದಳು ಅದೇ ಹುಡುಗಿ.

"ಕೆಡ್ತವ್ವಾ," ಎಂದರು ಸಾಹೇಬರು.

ಇಡೀ ಶಾಲೆ ನಕ್ಕಿತು. ಅವರು ಹೋಗುವಾಗ ತಪಾಸಣೆಯ ಪುಸ್ತಕದಲ್ಲಿ 'ಮಕ್ಕಳು ಧೈರ್ಯವಾಗಿ ಮಾತಾಡುತ್ತಾರೆ' ಎಂದು ಬರೆದರು. ಅವರ ಬೆನ್ನು ಮರೆಯಾದ ಮೇಲೆ ನಾನು ಪಾಟೀಲ ಮಾಸ್ತರನ್ನು ಕೇಳಿದೆ, ಈ ನೇಮ ಯಾಕೆ ಎಂದು. "ಅವರ ಮಾತ ನಾ ಕಲೀಲಿಲ್ಲ ಅಂದ್ರ ನನ್ನ ಮಾತ ಅವ್ರು ಹೆಂಗ ಕಲೀತಾರವಾ?" ಎಂದರು. ಆಗ ನನಗೆ ಅದು ತಲೆಗೆ ಹೋಗಲಿಲ್ಲ. ಮಾಸ್ತರು ಹೇಳಿದರು ಎಂದು ನಡೆಸಿಕೊಂಡು ಬಂದೆ.

ಹಾನಗಲ್ಲು ತಾಲೂಕಿಗೆ ವರ್ಗವಾಗುವ ಹೊತ್ತಿಗೆ ಶಾಲೆ ತೆರೆಯುವುದು ಪ್ರಾರಂಭೋತ್ಸವವಾಗಿತ್ತು. ಬಾಗಿಲಿಗೆ ಮಾವಿನ ತೋರಣ, ಮಕ್ಕಳ ಕೈಗೆ ಬಲೂನು, ಮಧ್ಯಾಹ್ನಕ್ಕೆ ಸಿಹಿ. ಹೊಸ ಮಕ್ಕಳನ್ನು ಚಕ್ಕಡಿಯಲ್ಲಿ ಕೂಡಿಸಿ ಊರೆಲ್ಲ ಮೆರೆಸಬೇಕೆಂಬುದು ಆ ಊರಿನವರ ಹುರುಪು. ಚಕ್ಕಡಿ, ಎತ್ತು ಎರಡೂ ಶಾಲಾ ಸಮಿತಿಯ ಅಧ್ಯಕ್ಷ ಬಸಣ್ಣೆಪ್ಪನವರವು. ಕಾರಹುಣ್ಣಿಮೆ ಆಗಷ್ಟೇ ಮುಗಿದಿದ್ದರಿಂದ ಎತ್ತಿನ ಕೋಡಿನ ಬಣ್ಣ ಮಾಸಿರಲಿಲ್ಲ. ಬಸಣ್ಣೆಪ್ಪನವರು ರುಮಾಲು ಸುತ್ತಿ ಮುಂದೆ ಕುಳಿತರು, ಬಾಜಾ ಬಜಂತ್ರಿ ಹೊರಟಿತು, ಹಿಂದೆ ನಾವು "ಸಾಲಿಗೆ ಬರ್ರಿ, ಅಕ್ಷರ ಕಲೀರಿ" ಎಂದು ಕೂಗುತ್ತ ನಡೆದೆವು.

ದಾರಿಯಲ್ಲಿ ಬಸಣ್ಣೆಪ್ಪನವರ ಮನೆ ಬಂತು. ದಿನಾ ಹೊಲದಿಂದ ಬಂದು ಎತ್ತುಗಳು ತಿರುಗುವ ಜಾಗ ಅದು. ಎತ್ತುಗಳು ತಿರುಗಿದವು. ಬಸಣ್ಣೆಪ್ಪನವರು ಹಗ್ಗ ಜಗ್ಗಿದರು, ಹೆಸರು ಹಿಡಿದು ಬೈದರು. ಬಾಜಾದ ಗದ್ದಲಕ್ಕೆ ಬೆದರಿದ ಎತ್ತುಗಳು ಇನ್ನೂ ಜೋರಾಗಿ ನಡೆದು, ಅಧ್ಯಕ್ಷರು ಮತ್ತು ಮಕ್ಕಳ ಸಮೇತ ಚಕ್ಕಡಿಯನ್ನು ನೇರ ದನದ ಕೊಟ್ಟಿಗೆಯ ಮುಂದೆ ನಿಲ್ಲಿಸಿದವು. ಮನೆಯಾಕೆ ಏನೂ ಆಗಿಲ್ಲವೆಂಬಂತೆ ಹೊರಗೆ ಬಂದು ಎತ್ತಿಗೆ ನೀರು ಇಟ್ಟರು. ನಾವು ಓಡಿಹೋಗಿ ನೋಡುವಷ್ಟರಲ್ಲಿ, ಶಾಲೆಯನ್ನು ಎಂದೂ ಕಾಣದ ಒಬ್ಬ ಹೊಸ ಹುಡುಗಿ ಚಕ್ಕಡಿಯಿಂದ ಇಳಿದು ಕೊಟ್ಟಿಗೆಯ ಒಂದು ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಸ್ಲೇಟಿನ ಪಾಟಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಏಳವಾ, ಇದು ಸಾಲಿ ಅಲ್ಲ," ಎಂದೆ.

ಅವಳು ಅಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇಲ್ಲೇ ಚೊಲೋ ಐತ್ರಿ ಅಕ್ಕೋರ," ಎಂದಳು.

ನಮ್ಮ ಕಡೆ ಶಿಕ್ಷಕಿ ಎಂದರೆ ಅಕ್ಕೋರು. ಕುಲಕರ್ಣಿ ಎಂಬ ನನ್ನ ಅಡ್ಡಹೆಸರು ಸಂಬಳದ ದಿನ ಮಾತ್ರ ನೆನಪಿಗೆ ಬರುತ್ತಿತ್ತು, ಉಳಿದ ದಿನವೆಲ್ಲ ಬರೀ ಅಕ್ಕೋರು. ಊರೂರು ತಿರುಗಿದಂತೆ ನನ್ನ ಮಾತೂ ತಿರುಗಿತು. 'ಇದೆ' ಎನ್ನಲು ನಮ್ಮ ಮನೆಯಲ್ಲಿ 'ಅದ' ಎನ್ನುವವರು. ಶಾಲೆಯಲ್ಲೆಲ್ಲ 'ಐತಿ'. ಸವಣೂರಿನಲ್ಲಿ ನಾಲ್ಕು ಉರ್ದು ಮಾತು ಸೇರಿದವು, ಶಿಗ್ಗಾವಿಯಲ್ಲಿ ಇನ್ನಷ್ಟು. ಹಬ್ಬಕ್ಕೆ ತವರಿಗೆ ಹೋದಾಗ ನಾನು "ಸಾರು ಖಾರ ಐತಿ" ಎಂದರೆ ಅಣ್ಣ ಊಟದ ಎಲೆಯ ಮುಂದಿನಿಂದಲೇ, "ನಮ್ಮ ತಂಗೀನ ಯಾರಿಗೆ ಕೊಟ್ಟೇವಿ ಅಂತ ಮರ್ತೇ ಹೋಗೇದ," ಎನ್ನುತ್ತಿದ್ದ.

ಕಾಲ ಬದಲಾಯಿತು. ಕಿವಿ ಹೋಗಿ ಆಧಾರ್ ಬಂತು. ಮಗುವಿನ ಕೈ ಎಟುಕುವುದಕ್ಕಿಂತ ಮೊಬೈಲಿಗೆ ನೆಟ್‌ವರ್ಕ್ ಎಟುಕುವುದು ಮುಖ್ಯವಾಯಿತು. ಅದು ಒಳ್ಳೆಯದೇ. ಗಿಡ್ಡ ಕೈಯವರನ್ನು ಈಗ ಯಾರೂ ಹೊಳ್ಳಿ ಕಳಿಸುವುದಿಲ್ಲ. ಆದರೆ ಶಾಲೆ ತೆರೆಯುವ ದಿನ ತೋರಣ ಕಟ್ಟಿ, ಫೋಟೋ ತೆಗೆದು, ಗ್ರೂಪಿಗೆ ಹಾಕಿ, ಮಕ್ಕಳ ವಿವರ ತುಂಬುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಪಾಟೀಲ ಮಾಸ್ತರ ಜಮಖಾನ ಎಲ್ಲೋ ನಡುವೆ ಸುತ್ತಿಟ್ಟದ್ದು ಹಾಗೇ ಉಳಿಯಿತು.

ನನ್ನ ಕೊನೆಯ ಶಾಲೆ ಅಬಲೂರಿನ ಹತ್ತಿರದ ಹಳ್ಳಿಯದು. ನಾನು ಮುಖ್ಯೋಪಾಧ್ಯಾಯಿನಿ. ಆ ವರ್ಷ ಶಾಲೆ ತೆರೆಯುವ ಮುನ್ನಾದಿನ ಕಾವ್ಯಾ ಎಂಬ ಹೊಸ ಶಿಕ್ಷಕಿ ಬಂದಳು. ಚಾಮರಾಜನಗರದ ಕಡೆಯ ಹುಡುಗಿ. ಬಹಳ ಚುರುಕು, ಬಹಳ ಹೆದರಿಕೆ. ಬರುವಾಗ ಬಟ್ಟೆಯ ಪೆಟ್ಟಿಗೆಗಿಂತ ಜೋಪಾನವಾಗಿ ಒಂದು ಉದ್ದನೆಯ ಸುರುಳಿ ಹಿಡಿದುಕೊಂಡು ಬಂದಿದ್ದಳು. ಬಿಚ್ಚಿದರೆ ಅಕ್ಷರಗಳ ಚಿತ್ರಪಟ. ನೇಮಕದ ಆದೇಶ ಬಂದಂದಿನಿಂದ ಕುಳಿತು ತಾನೇ ಬರೆದದ್ದಂತೆ. ಅ ಕೆಳಗೆ ಬಾಲ ಎತ್ತಿದ ಅಳಿಲು, ಆ ಕೆಳಗೆ ಆನೆ, ಇ ಕೆಳಗೆ ಇಲಿ, ಈ ಕೆಳಗೆ ಕೆಂಪಗೆ ಹೊಳೆಯುವ ಈರುಳ್ಳಿ, ಉ ಕೆಳಗೆ ಉಡುಪು ಎಂದು ಚುಕ್ಕಿ ಚುಕ್ಕಿಯ ಫ್ರಾಕು. ಪ್ರತಿ ಚಿತ್ರದ ಅಡಿಯಲ್ಲಿ ಅದರ ಹೆಸರು. ಅಳಿಲಿನ ಕಣ್ಣು ನೋಡಿದರೆ ಈಗಲೇ ಜಿಗಿಯುತ್ತದೆ ಎನ್ನಿಸುತ್ತಿತ್ತು. ನಾವೆಲ್ಲ ಬಾಯ್ತುಂಬ ಹೊಗಳಿದೆವು.

ಮಕ್ಕಳು ಅವಳಿಗೆ ಬೇಗ ಹೊಂದಿಕೊಂಡರು, ಅವಳ ಕಿವಿ ಮಾತ್ರ ಮಕ್ಕಳಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯಿತು. "ಅಕ್ಕೋರ, ಸೂಟಿ ಯಾವಾಗ ಬಿಡ್ತೀರಿ?" ಎಂದು ಒಬ್ಬ ಕೇಳಿದರೆ, "ಯಾವ ಸೂಟು ಮೇಡಂ?" ಎಂದು ಅವಳು ನನ್ನನ್ನು ಕೇಳಿದಳು. ಆದರೂ ಒಂದನೇತ್ತಿಯ ಕೋಣೆಯಿಂದ 'ಅ ಅಳಿಲು, ಈ ಈರುಳ್ಳಿ' ಎಂಬ ಮಕ್ಕಳ ರಾಗ ನನ್ನ ಕೋಣೆಯವರೆಗೆ ಕೇಳುತ್ತಿತ್ತು. ಸಂತೋಷವಾಗುತ್ತಿತ್ತು.

ದಾನೇಶ್ವರಿ ಬಂದದ್ದು ಆ ರಾಗವೆಲ್ಲ ಬಾಯಿಪಾಠವಾದ ಮೇಲೆ. ಅವಳ ತಾಯಿ ರೇಣುಕಾ ಹೆರಿಗೆಗೆ ತವರಿಗೆ ಹೋಗಿದ್ದಳು, ಮಗಳೂ ಜೊತೆಗಿದ್ದಳು. ಬಾಣಂತನ ಮುಗಿಸಿ ತಮ್ಮನೊಬ್ಬನನ್ನು ಕರೆದುಕೊಂಡು ಬಂದಮೇಲೆ ದಾನೇಶ್ವರಿ ಶಾಲೆಗೆ ಸೇರಿದಳು. ವಯಸ್ಸು ಆಗಷ್ಟೇ ತುಂಬಿತ್ತು, ಆಳು ಅಂಗೈಯಷ್ಟು. ಆದರೆ ಶಾಲೆಯ ಹುಚ್ಚು ಎಂದರೆ ಹುಚ್ಚು. ನಾನು ಕೀಲಿ ತೆಗೆಯಲು ಬರುವ ಹೊತ್ತಿಗೆ ಪಾಟಿಚೀಲ ಹಾಕಿಕೊಂಡು ಗೇಟಿಗೆ ಜೋತುಬಿದ್ದಿರುತ್ತಿದ್ದಳು. ಹೋಗಿ ಮೊದಲು ಆ ಚಿತ್ರಪಟದ ಮುಂದೆ ನಿಂತು ಒಂದು ಸುತ್ತು ನೋಡಿ, ಆಮೇಲೆ ತನ್ನ ಜಾಗಕ್ಕೆ ಕುಳಿತುಕೊಳ್ಳುವಳು.

ಹೀಗಿದ್ದೂ ಅವಳಿಗೆ ಅಕ್ಷರ ಹತ್ತಲಿಲ್ಲ. ಕಾವ್ಯಾ ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಮೇಡಂ, ದಾನೇಶ್ವರಿ ಬಾಯಿಗೆ ಬಂದಿದ್ದು ಹೇಳ್ತಾಳೆ. ಆ ಸರಿ ಹೇಳ್ತಾಳೆ, ಅ ತೋರಿಸಿದ್ರೆ ಇ ಅಂತಾಳೆ. ಈ ತೋರಿಸಿದ್ರೆ ಉ. ಉ ತೋರಿಸಿದ್ರೆ ಅಂ. ಇ ಬರಿ ಅಂದ್ರೆ, ಯಾವುದು ಬರೀಲಿ ಅಂತ ನನ್ನನ್ನೇ ಕೇಳ್ತಾಳೆ."

"ಸಣ್ಣ ಕೂಸು, ಸ್ವಲ್ಪ ತಡೀರಿ."

"ನನಗೇ ಕಲಿಸೋಕೆ ಬರ್ತಿಲ್ಲ ಅನ್ಸುತ್ತೆ ಮೇಡಂ." ಅವಳ ಕಣ್ಣು ತುಂಬಿತ್ತು.

ನಾನೂ ಹೋಗಿ ನೋಡಿದೆ. ಪಟದ ಮೇಲೆ ಬೆರಳಿಟ್ಟು ಕೇಳಿದೆ. ಕಾವ್ಯಾ ಹೇಳಿದ್ದು ನಿಜವಾಗಿತ್ತು. ತಪ್ಪು ಹೇಳುವ ಮಕ್ಕಳು ಸಾಮಾನ್ಯವಾಗಿ ಅನುಮಾನಿಸುತ್ತ, ನಮ್ಮ ಮುಖ ನೋಡುತ್ತ ಹೇಳುತ್ತಾರೆ. ಇವಳು ಎದೆ ಸೆಟೆಸಿ, ಗಂಟೆ ಹೊಡೆದ ಹಾಗೆ ಹೇಳುತ್ತಿದ್ದಳು. ಅದು ನನಗೆ ವಿಚಿತ್ರವೆನ್ನಿಸಿತು, ಅಷ್ಟೇ. ಸುದ್ದಿ ಮಕ್ಕಳ ಬಾಯಿಂದ ಅವಳ ಮನೆಗೂ ಹೋಯಿತು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ರೇಣುಕಾ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

"ಅಕ್ಕೋರ, ಈಕೀನ ಕರಕೊಂಡ ಹೋಗಾಕ ಬಂದೇನ್ರಿ. ನಮ್ಮತ್ತಿ ಅಂತಾರ, ಇನ್ನೊಂದ ವರ್ಷ ಅಂಗನವಾಡ್ಯಾಗ ಕುಂದ್ರಲಿ ಅಂತ. ಎಲ್ಲಾರು ನಗಾಕತ್ತಾರಂತ್ರಿ."

"ಯಾರು ನಗ್ತಾರವಾ?" ಎಂದೆ.

"ಹುಡುಗೂರ ರೀ. ಈಕಿಗೇನು ಅದು ತಿಳಿಯಂಗಿಲ್ಲ, ತಾನೂ ಕೂಡಿ ನಗ್ತಾಳ. ನನಗ ಹೊಟ್ಟ್ಯಾಗ ಉರೀತೈತಿ."

ಕಾವ್ಯಾ ನನ್ನ ಮುಖ ನೋಡಿದಳು. ಒಂದು ವರ್ಷ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಿವಿ ಎಟುಕದೆ ಹೊಳ್ಳಿ ಹೋಗಿ ಮತ್ತೆ ಬಾರದ, ಆ ಗಿಡ್ಡ ಕೈಯ ಹುಡುಗನ ಅಪ್ಪ ನೆನಪಾಗಿ ಸಂಕಟವಾಯಿತು. ದಾನೇಶ್ವರಿಯನ್ನು ಕರೆದು ವಿಷಯ ಹೇಳಿದೆವು. ಅವಳು ಅಳಲಿಲ್ಲ. ತುಸು ಹೊತ್ತು ಉಗುರು ಕಚ್ಚಿದಳು.

"ಅಂಗನವಾಡ್ಯಾಗ ಚಿತ್ರ ಅದಾವೇನ್ರಿ ಅಕ್ಕೋರ?"

ಇವೆ ಎಂದೆ. ಅವು ಬೇರೆ ಚಿತ್ರ ಎಂದು ಅವಳಿಗೂ ಗೊತ್ತಿತ್ತು. "ಅವ್ವಾ, ಹಂಗಾರ ತಮ್ಮಗ ಇವನ್ನ ತೋರಸ್ತೇನಿ ಬಾ," ಎಂದು ತಾಯಿಯ ಸೆರಗು ಹಿಡಿದು ಒಳಗೆ ಎಳೆದುಕೊಂಡು ಹೋದಳು. ನಾನೂ ಕಾವ್ಯಾಳೂ ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆವು. ಅಡಿಗೆಯವರು ಚಹ ತಂದುಕೊಟ್ಟರು. ಒಳಗಿನಿಂದ ದಾನೇಶ್ವರಿಯ ದನಿ ಕೇಳುತ್ತಿತ್ತು. ಕಾವ್ಯಾ ಪಾಠ ಮಾಡುವ ಗತ್ತಿನಲ್ಲೇ ಅವಳು ತಮ್ಮನಿಗೆ ಪಾಠ ಮಾಡುತ್ತಿದ್ದಳು.

"ತಮ್ಮಾ, ನೋಡಿಲ್ಲಿ. ಇದು ಇಣಚಿ. ಇ. ಇದು ಆನಿ. ಆ. ಇದು ಇಲಿ, ಇದೂ ಇ. ಎರಡು ಇ ಅದಾವ, ಯಾವ ಇ ಬರೀಬೇಕಂತ ಅಕ್ಕೋರು ಹೇಳಂಗಿಲ್ಲ. ಇದು ಉಳ್ಳಾಗಡ್ಡಿ. ಉ. ಇದು ಅಂಗಿ. ಅಂ. ನಿನಗೂ ಇಂಥಾದ್ದ ಅಂಗಿ ತರೂಣು."

ಕಾವ್ಯಾ ಕೈಯಲ್ಲಿದ್ದ ಚಹದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಎದ್ದು ಒಳಗೆ ಹೋದಳು, ಹಿಂದೆಯೇ ನಾನು.

"ದಾನೇಶ್ವರಿ, ಇದೇನು?" ಎಂದು ಅಳಿಲಿನ ಮೇಲೆ ಬೆರಳಿಟ್ಟಳು.

"ಇಣಚಿ ರೀ."

"ಇದು?"

"ಉಳ್ಳಾಗಡ್ಡಿ ರೀ."

"ಅದರ ಮೊದಲನೇ ಅಕ್ಷರ?"

"ಉ ರೀ," ಎಂದಳು ದಾನೇಶ್ವರಿ. ಇಷ್ಟು ದಿನ ಹೇಳಿದ್ದೇ ಅಲ್ಲವೇ, ಮತ್ತೆ ಯಾಕೆ ಕೇಳುತ್ತಾರೆ ಎಂಬಂತಿತ್ತು ಆ ದನಿ.

ಕಾವ್ಯಾ ನೆಲದ ಮೇಲೆ ಕುಳಿತೇಬಿಟ್ಟಳು. ಮೊದಲು ನಕ್ಕಳು, ಆಮೇಲೆ ಅತ್ತಳು, ಕೊನೆಗೆ ಎರಡೂ ಕೂಡಿ ಬಂದವು. "ಮೇಡಂ, ಚಿತ್ರ ನೋಡಿ ಮೊದಲನೇ ಅಕ್ಷರ ಹೇಳು ಅಂತ ನಾನೇ ಹೇಳಿಕೊಟ್ಟಿದ್ದು. ಈ ಮಗು ಒಂದೂ ತಪ್ಪು ಹೇಳಿಲ್ಲ."

ಉಳಿದ ಮಕ್ಕಳು 'ಈ ಈರುಳ್ಳಿ' ಎಂಬುದನ್ನು ರಾಗವಾಗಿ ಕಲಿತಿದ್ದರು, ಚಿತ್ರದ ಗೊಡವೆಗೇ ಹೋಗಿರಲಿಲ್ಲ. ತಡವಾಗಿ ಬಂದ ದಾನೇಶ್ವರಿಗೆ ಆ ರಾಗ ಸಿಕ್ಕಿರಲಿಲ್ಲ, ಚಿತ್ರ ಮಾತ್ರ ಸಿಕ್ಕಿತ್ತು. ಹೇಳಿಕೊಟ್ಟ ಪದ್ಧತಿಯನ್ನು ಇಡೀ ಕೋಣೆಯಲ್ಲಿ ಸರಿಯಾಗಿ ಪಾಲಿಸಿದವಳು ಅವಳೊಬ್ಬಳೇ. ಕಾವ್ಯಾಳದಾದರೂ ಬೇರೆ ಊರಿನ ಮಾತು, ಅವಳಿಗೆ ಹೊಳೆಯದಿದ್ದರೆ ಸರಿ. ನಾನು ಹುಟ್ಟಿದಾಗಿನಿಂದ ಇಣಚಿಯನ್ನು ಇಣಚಿ ಎಂದೇ ಕರೆದವಳು, ದಿನಾ ಅಡಿಗೆಯವರಿಗೆ ಉಳ್ಳಾಗಡ್ಡಿ ಅಳೆದು ಕೊಟ್ಟವಳು. ಆದರೆ ಆ ಪಟದ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಚಿತ್ರವನ್ನು ಬಿಟ್ಟು ಕೆಳಗೆ ಬರೆದ ಹೆಸರನ್ನು ಓದುತ್ತಿತ್ತು. ಓದು ಬಂದವರಿಗೆಲ್ಲ ಇದೇ ರೋಗ. ಶಾಲೆಗೆ ಬಂದು ಹೊಗಳಿ ಹೋದವರೆಲ್ಲ ಈರುಳ್ಳಿಯನ್ನೇ ಓದಿ ಹೋಗಿದ್ದರು. ಪಾಟೀಲ ಮಾಸ್ತರ ಮಾತು ತಲೆಗೆ ಹೋಗಲು ನನಗೆ ನಿವೃತ್ತಿಯ ಅಂಚಿನವರೆಗೆ ಬರಬೇಕಾಯಿತು.

ರೇಣುಕಾ ಒಂದೂ ತಿಳಿಯದೆ ನಿಂತಿದ್ದಳು. "ಹಂಗಾರ ಅಂಗನವಾಡಿಗೆ ಬ್ಯಾಡೇನ್ರಿ ಅಕ್ಕೋರ?"

"ಬ್ಯಾಡವಾ. ಈಕಿ ಇಲ್ಲೇ ಇರ್ತಾಳ. ಹೋಗೂದಿದ್ರ ನಾವು ಹೋಗಬೇಕು ಅಂಗನವಾಡಿಗೆ. ನಿಮ್ಮತ್ತಿಗೂ ಹಂಗ ಹೇಳು."

ಮರುದಿನ ಕೋಣೆಯಲ್ಲಿ ಹಳೇ ಜಮಖಾನ ಹಾಸಿದೆವು. ಕಾವ್ಯಾ ಹೊಸ ಹಾಳೆಗಳನ್ನು ಹಿಡಿದು ಮಕ್ಕಳ ನಡುವೆ ಕುಳಿತಳು. ಆವತ್ತು ಅವಳು ಹೇಳಲಿಲ್ಲ, ಕೇಳಿದಳು. ಅ ಎಂದರೆ ಏನು ಬರೆಯೋಣ ಎಂದಾಗ ಎಲ್ಲರೂ ಅವ್ವ ಎಂದರು. ಯಾರ ಅವ್ವನನ್ನು ಬರೆಯಬೇಕೆಂದು ಜಗಳ ಹತ್ತಿತು. ಆ ಎಂದರೆ ಆಕಳ. ಇ ಎಂದರೆ ಇಣಚಿ. ಅಂ ಎಂದರೆ ಅಂಗಿ. ಉ ಎಂದರೆ ಉಳ್ಳಾಗಡ್ಡಿ. ಈ ಮಾತ್ರ ಯಾರಿಗೂ ಹೊಳೆಯಲಿಲ್ಲ. ನಾನೂ ಒಳಗೊಳಗೇ ತಡಕಾಡುತ್ತಿದ್ದೆ.

ದಾನೇಶ್ವರಿ ಎದ್ದು ನಿಂತಳು. "ಉಳ್ಳಾಗಡ್ಡಿ ಹೆಚ್ಚಾಕ ಏನ ಬೇಕ್ರಿ? ಈಳಿಗಿ."

ಕಾಲಿನಿಂದ ಒತ್ತಿ ಹಿಡಿದು ಕಾಯಿಪಲ್ಯೆ ಹೆಚ್ಚುವ ಈಳಿಗಿಯನ್ನು ಕಾವ್ಯಾ ಅಡಿಗೆಮನೆಗೆ ಹೋಗಿ ನೋಡಿ ಬಂದು ಬರೆದಳು. ಹಳೆಯ ಪಟವನ್ನೂ ತೆಗೆಯಲಿಲ್ಲ. ಪುಸ್ತಕದಲ್ಲಿ ಈರುಳ್ಳಿಯೇ ಬರುತ್ತದೆ, ಅದನ್ನೂ ಮಕ್ಕಳು ಕಲಿಯಬೇಕು. ಒಂದು ಪಟದ ಮೇಲೆ 'ಮನೆಯ ಹೆಸರು', ಇನ್ನೊಂದರ ಮೇಲೆ 'ಪುಸ್ತಕದ ಹೆಸರು' ಎಂದು ಬರೆದು ಅಕ್ಕಪಕ್ಕ ತೂಗುಹಾಕಿದಳು. ದಾನೇಶ್ವರಿ ದೀಪಾವಳಿಯ ಸೂಟಿಗೆ ಮೊದಲೇ ಎರಡನ್ನೂ ಓದುತ್ತಿದ್ದಳು. ಅಳಿಲು ಎಂಬುದು ಇಣಚಿಯ ಸಾಲಿ ಹೆಸರು ಎಂದು ಅವಳ ತೀರ್ಮಾನ, ತನಗೆ ಮನೆಯಲ್ಲಿ ದಾನವ್ವ, ಶಾಲೆಯಲ್ಲಿ ದಾನೇಶ್ವರಿ ಇದ್ದ ಹಾಗೆ.

ನಿವೃತ್ತಿಯ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಅವನ್ನೆಲ್ಲ ಬರೆದರೆ ನಿಮಗೂ ಬೇಸರ, ನನಗೂ ಬೇಸರ. ಹೇಳಬೇಕಾದ್ದು ಅದರ ನಂತರದ ಶಾಲೆ ತೆರೆಯುವ ದಿನ. ಬೆಳಿಗ್ಗೆ ಎದ್ದು ಸೀರೆಯ ನೆರಿಗೆ ಹಿಡಿದ ಮೇಲೆ, ಇವತ್ತು ನಾನು ಹೋಗಬೇಕಾದ ಶಾಲೆ ಯಾವುದೂ ಇಲ್ಲ ಎಂದು ನೆನಪಾಯಿತು. ನೆರಿಗೆ ಹಿಡಿದುಕೊಂಡೇ ನಿಂತಿದ್ದೆ. ಫೋನು ಬಂತು.

"ಅಕ್ಕೋರ, ಎಲ್ಲಿದ್ದೀರಿ? ಸಾಲಿ ತಗದೈತಿ, ಬರ್ರಿ ಲಗೂ," ಎಂದಳು ಕಾವ್ಯಾ. ಮೇಡಂ ಹೋಗಿ ಅಕ್ಕೋರು ಆಗಿತ್ತು. ಬೇಗ ಎನ್ನುವ ಈ ಕಡೆಯ 'ಲಗೂ' ಎಂಬುದನ್ನು ಮಾತ್ರ ಇನ್ನೂ ಚಾಮರಾಜನಗರದ ರಾಗದಲ್ಲೇ ಎಳೆಯುತ್ತಾಳೆ. ಸಿಕ್ಕ ಬಸ್ಸು ಹತ್ತಿ ಹೋದೆ.

ಒಂದನೇತ್ತಿ ಎರಡನೇತ್ತಿ ಒಂದೇ ಕೋಣೆಯಲ್ಲಿ. ಜಮಖಾನ ಹಾಸಿತ್ತು, ಹಲಗೆ ಖಾಲಿ ಇತ್ತು. ನಾನು ಹಿಂದೆ ಗೋಡೆಗೆ ಒರಗಿ ಕುಳಿತೆ. ಕಾವ್ಯಾ ನಡುವೆ ನಿಜವಾದ ಸಾಮಾನುಗಳನ್ನೇ ಹರವಿಕೊಂಡಿದ್ದಳು. ಒಂದೊಂದನ್ನೇ ಎತ್ತಿ, "ಇದಕ್ಕ ನಿಮ್ಮನ್ಯಾಗ ಏನಂತೀರಿ?" ಎಂದು ಹೊಸ ಮಕ್ಕಳನ್ನು ಕೇಳುತ್ತಿದ್ದಳು. ಎರಡನೇತ್ತಿಯವಳಾದ ದಾನೇಶ್ವರಿ ಮೇಲ್ವಿಚಾರಕಿಯ ಠೀವಿಯಲ್ಲಿ ಪಕ್ಕಕ್ಕೆ ಕುಳಿತಿದ್ದಳು.

ಹೊಸಬರಲ್ಲಿ ಆಯಿಷಾ ಎಂಬ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಸವಣೂರಿನಿಂದ ಬಂದು ಊರಲ್ಲಿ ಗ್ಯಾರೇಜು ಹಾಕಿದ್ದ, ಮನೆಮಾತು ಉರ್ದು. ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲವಂತೆ. ಕಾವ್ಯಾ ಉಳ್ಳಾಗಡ್ಡಿ ಎತ್ತಿ ಅವಳ ಕೈಗೇ ಕೊಟ್ಟಳು. ಹುಡುಗಿ ಅದನ್ನು ತಿರುಗಿಸಿ ನೋಡಿದಳು, ಮೂಸಿದಳು.

"ಪ್ಯಾಜ್," ಎಂದಳು ಸಣ್ಣಗೆ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ದಾನೇಶ್ವರಿ ತಿರುಗಿ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗೋಡೆಯ ಮೇಲಿನ ಎರಡೂ ಪಟಗಳನ್ನು ನೋಡಿದಳು, ಆಯಿಷಾಳ ಕೈಯಲ್ಲಿದ್ದುದನ್ನು ನೋಡಿದಳು.

"ಹಂಗಾರ ಅಕ್ಕೋರ, ಈಕಿಗೆ ಇದು ಪ," ಎಂದಳು.

ಕಾವ್ಯಾ ಒಂದು ಕ್ಷಣ ನನ್ನ ಕಡೆ ನೋಡಿದಳು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಉಳ್ಳಾಗಡ್ಡಿ ಹೆಚ್ಚಿದ್ದಕ್ಕೆ ಎಂದು ಹೇಳುವಂತೆಯೂ ಇರಲಿಲ್ಲ, ಅದು ಇನ್ನೂ ಇಡಿಯಾಗಿ ಆಯಿಷಾಳ ಕೈಯಲ್ಲೇ ಇತ್ತು. ಕಾವ್ಯಾ ಎದ್ದು ಹೊಸ ಹಾಳೆ ತೆಗೆದಳು, ಮೇಲೆ ದೊಡ್ಡದಾಗಿ ಪ ಎಂದು ಬರೆದಳು. ಆಯಿಷಾ ಉಳ್ಳಾಗಡ್ಡಿ ಹಿಡಿದುಕೊಂಡೇ ಮೊಣಕಾಲ ಮೇಲೆ ಸರಿದು ಹಾಳೆಯ ಹತ್ತಿರ ಬಂದಳು. ದಾನೇಶ್ವರಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟಳು.